ಅಪ್‌ಡೇಟ್: ‘ಮಲೆಗಳಲ್ಲಿ ಮದುಮಗಳು’ ಕೊನೆಗೂ ಮುಗಿಯಿತು

ಪಾತ್ರಗಳೆಲ್ಲ ಕಲಸಿಹೋಗಿ ಕುವೆಂಪು ಕಾದಂಬರಿ ಅರ್ಧಕ್ಕೇ ನಿಂತಿದೆ, ಏನು ಮಾಡಲಿ ಎಂದು ಕೇಳಿದ್ದೆ. ದಿನಕ್ಕಿಷ್ಟು ಪುಟ ಎಂಬ ಲೆಕ್ಕ ಕೈಕೊಟ್ಟಿತು. ಮೆಟ್ರೋದಲ್ಲಿ ತುಂಡುತುಂಡಾಗಿ ಓದಿದರೆ ಹಿಂದಿನ ಹೆಸರೇ ಮರೆತುಹೋಗುತ್ತದೆ. ಫಲ ಕೊಟ್ಟಿದ್ದು ಊರುವಾರು ಪಟ್ಟಿ ಮಾಡಿ ಎಂದವರ ಸಲಹೆ. ಹಾಳೆಯಲ್ಲಿ ಊರುಗಳನ್ನು ಬರೆದುಕೊಂಡು ಪಾತ್ರಗಳನ್ನು ಅವರವರ ಊರಿಗೆ ಸೇರಿಸಿ: ಗುತ್ತಿ ಸಿಂಬಾವಿಗೆ, ತಿಮ್ಮಿ ಬೆಟ್ಟಳ್ಳಿಗೆ, ಚಿನ್ನಮ್ಮ ಹೂವಳ್ಳಿಗೆ, ಮುಕುಂದಯ್ಯ ಕೋಣೂರಿಗೆ. ಯಾರು ಎಲ್ಲಿಗೆ ಹೊರಟರು ಎಂದು ಬಾಣ ಎಳೆಯುತ್ತಾ ಹೋಗಿ, ಕತೆ ಇರುವುದೇ ಆ ಓಡಾಟದಲ್ಲಿ.

ನಡುವೆ ಪತ್ತೇದಾರಿ ಕಾದಂಬರಿ ಓದುವುದು ಬೇಡ. ಆ ವೇಗ ಹತ್ತಿದ ಮೇಲೆ ಇಲ್ಲಿನ ವರ್ಣನೆ ಎಳೆದಂತೆನಿಸುತ್ತದೆ. ಕುವೆಂಪು ಅವರ ಮಗ ತೇಜಸ್ವಿಯವರ ಕಾದಂಬರಿ ‘ಕರ್ವಾಲೊ’ ಮಾತ್ರ ಚೆನ್ನಾಗಿ ಹೊಂದಿತು. ಅಚ್ಚರಿಯೆಂದರೆ, ಅಪ್ಪನ 1967ರ ಕಾದಂಬರಿಯಲ್ಲಿ ಜನ ಹಾದುಹೋಗುವ ಮಲೆನಾಡಿನ ಕಾಡೇ ಮಗನ ಕಾದಂಬರಿಯ ಹಾರುವ ಓತಿಯ ಹುಡುಕಾಟದಲ್ಲಿ ದೊಡ್ಡ ಪ್ರಶ್ನೆಯಾಗಿ ನಿಲ್ಲುತ್ತದೆ. ಎರಡನ್ನೂ ಬೆನ್ನುಬೆನ್ನಿಗೆ ಓದಿ.