ಎಂ.ಎಸ್ಸಿ. ಗೆಳೆಯರ ಗುಂಪು: ಡಿಎನ್‌ಎ ಎಳೆಗಳನ್ನು ಹಿಡಿದಿಟ್ಟಿರುವುದು ಯಾವುದು?

ಸುಮಾ: ಮಂಜು, ಪಿಯುಸಿ ಮಕ್ಕಳಿಗೆಂದು ನೀನು ಹಾಕಿರುವ ಚಿತ್ರದಲ್ಲಿ ‘ಡಿಎನ್‌ಎಯ ಎರಡು ಎಳೆಗಳನ್ನು ಹಿಡಿದಿಟ್ಟಿರುವುದು ಹೈಡ್ರೋಜನ್ ಬಂಧಗಳು ಮಾತ್ರ’ ಎಂದಿದೆ. ಇದನ್ನು ನಾನು ಒಪ್ಪುವುದಿಲ್ಲ.

ಮಂಜುನಾಥ: ಎಳೆಗಳ ಅಕ್ಷರಗಳಾದ ಎ, ಟಿ, ಜಿ, ಸಿ ಎಂಬ ಬೇಸ್‌ಗಳು ಎದುರುಬದುರು ಜೋಡಿಯಾಗುವಾಗ ಜಿ-ಸಿ ಜೋಡಿಗೆ ಮೂರು ಹೈಡ್ರೋಜನ್ ಬಂಧ, ಎ-ಟಿ ಜೋಡಿಗೆ ಎರಡು, ಜಿ-ಸಿ ಹೆಚ್ಚಿದಷ್ಟೂ ಎಳೆಗಳು ಬೇರ್ಪಡಲು ಹೆಚ್ಚು ಶಾಖ ಬೇಕು. ಇದರಲ್ಲಿ ತಪ್ಪೇನಿದೆ?

ಸುಮಾ: ಅಕ್ಕಪಕ್ಕದ ಬೇಸ್ ಜೋಡಿಗಳು ಎಷ್ಟು ಸ್ಥಿರ ಎಂದು ತೋರಿಸುವ, 1998ರಲ್ಲಿ ರಸಾಯನವಿಜ್ಞಾನಿ ಸಾಂತಾಲೂಸಿಯಾ ಕ್ರೋಡೀಕರಿಸಿದ ಕೋಷ್ಟಕವನ್ನು ನೋಡು. ಎಳೆಯ 5' ತುದಿಯಿಂದ (ಓದು ಶುರುವಾಗುವ ತುದಿ) ಓದುವಾಗ ಎ ನಂತರ ಟಿ ಬಂದರೆ, 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೋಲ್‌ಗೆ 0.88 ಕಿಲೋಕ್ಯಾಲೊರಿಯಷ್ಟು ಸ್ಥಿರತೆ ದೊರೆಯುತ್ತದೆ. ಟಿ ನಂತರ ಎ ಬಂದರೆ 0.58 ಮಾತ್ರ. ಎರಡು ಕಡೆಯೂ ಇರುವುದು ಅವೇ ನಾಲ್ಕು ಹೈಡ್ರೋಜನ್ ಬಂಧಗಳು. ಬದಲಾದದ್ದು ಬೇಸ್‌ಗಳು ಒಂದರ ಮೇಲೊಂದು ಕುಳಿತಿರುವ ರೀತಿ, ಅಂದರೆ ಸ್ಟ್ಯಾಕಿಂಗ್.

ಪ್ರಸನ್ನ: ಸುಮಾ ಅವರೇ, ಆ ಅಂಕಿಗಳಲ್ಲಿ ಜೋಡಣೆಯ (ಅಂದರೆ ಹೈಡ್ರೋಜನ್ ಬಂಧಗಳ) ಪಾಲೂ ಸ್ಟ್ಯಾಕಿಂಗ್‌ನ ಪಾಲೂ ಬೆರೆತೇ ಇವೆಯಲ್ಲವೇ?

ಸುಮಾ: ನಿಮ್ಮ ಆಕ್ಷೇಪ ಸರಿಯಾಗಿದೆ, ಸರ್. ಅದಕ್ಕಾಗಿಯೇ ಜೀವಭೌತವಿಜ್ಞಾನಿ ಫ್ರಾಂಕ್-ಕಮೆನೆಟ್‌ಸ್ಕಿ ಅವರ ತಂಡವು ಒಂದು ಎಳೆಯನ್ನು ಮಾತ್ರ ಒಂದೆಡೆ ಕತ್ತರಿಸಿದ ಡಿಎನ್‌ಎಯನ್ನು ಜೆಲ್‌ನಲ್ಲಿ (ವಿದ್ಯುತ್ತಿನಿಂದ ಡಿಎನ್‌ಎ ಸರಿಯುವಂತೆ ಮಾಡುವ ಲೋಳೆಯಂಥ ಮಾಧ್ಯಮ) ಓಡಿಸಿ, ಆ ಕತ್ತರಿಕೆಯ ಜಾಗದಲ್ಲಿ ಸ್ಟ್ಯಾಕಿಂಗ್ ಎಷ್ಟು ಉಳಿಯುತ್ತದೆ ಎಂಬುದನ್ನು ಪ್ರತ್ಯೇಕವಾಗಿ ಅಳೆಯಿತು. ಅವರು 2006ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಸ್ಥಿರತೆಯ ಮುಖ್ಯ ಮೂಲ ಸ್ಟ್ಯಾಕಿಂಗ್. ಜಿ-ಸಿ ಜೋಡಣೆಯ ಕೊಡುಗೆ ಇಲ್ಲವೆನ್ನುವಷ್ಟು ಕಡಿಮೆ, ಎ-ಟಿ ಜೋಡಣೆಯಂತೂ ಸ್ಥಿರತೆಯನ್ನು ತುಸು ತಗ್ಗಿಸುತ್ತದೆ. ಬಿಡಿಯಾದ ಬೇಸ್‌ಗಳು ನೀರಿನೊಡನೆಯೂ ಹೈಡ್ರೋಜನ್ ಬಂಧ ಮಾಡಿಕೊಳ್ಳುವುದರಿಂದ ಜೋಡಿಯಾದಾಗ ಸಿಗುವ ಲಾಭ ಅಲ್ಪವೇ.

ಮಂಜುನಾಥ: ಹಾಗಿದ್ದರೆ ಮಿಸ್‌ಮ್ಯಾಚ್ (ಹೊಂದದ ಬೇಸ್‌ಗಳು ಎದುರುಬದುರಾಗುವುದು) ಏಕೆ ಅಷ್ಟೊಂದು ಹಾನಿ ಮಾಡಬೇಕು? 1983ರಲ್ಲಿ 19 ಬೇಸ್‌ಗಳ ಪ್ರೋಬ್ (ಹುಡುಕುವ ಜೀನಿಗೆ ಅಂಟಿಕೊಳ್ಳುವ ಡಿಎನ್‌ಎ ತುಣುಕು) ಬಳಸಿ ಸಿಕಲ್ ಸೆಲ್ ರಕ್ತರೋಗದ ಜೀನನ್ನು ಗುರುತಿಸಿದ್ದು, ಜಿಎಜಿ ಇದ್ದೆಡೆ ಜಿಟಿಜಿ ಆದ ಒಂದೇ ಅಕ್ಷರದ ವ್ಯತ್ಯಾಸದಿಂದ. ತಕ್ಕ ಉಷ್ಣತೆಯಲ್ಲಿ ತೊಳೆದಾಗ ಹೊಂದದ ಪ್ರೋಬ್ ಕಳಚಿಕೊಂಡಿತು, ಹೊಂದಿದ್ದು ಉಳಿಯಿತು. ಸ್ಟ್ಯಾಕಿಂಗೇ ಸರ್ವಸ್ವವಾಗಿದ್ದರೆ ಉಳಿದ 18 ಬೇಸ್‌ಗಳು ಸಾಲಬೇಕಿತ್ತು.

ಸುಮಾ: ನಡುವೆ ಒಂದು ಮಿಸ್‌ಮ್ಯಾಚ್ ಬಂದರೆ ಕೆಡುವುದು ಒಂದು ಜೋಡಿಯಲ್ಲ, ಅದರ ಎರಡೂ ಬದಿಯ ಪೇರಿಕೆ. ಮೇಲಾಗಿ ಸುರುಳಿಯೊಳಗೆ ಸಿಕ್ಕಿಕೊಂಡು, ಎದುರಿನ ಬೇಸೂ ಇಲ್ಲದೆ ನೀರೂ ಇಲ್ಲದೆ ಉಳಿದ ಹೈಡ್ರೋಜನ್ ಬಂಧದ ತಾಣದಿಂದಾಗುವ ನಷ್ಟ ದೊಡ್ಡದು. ಹಾಗಾಗಿ ಬಂಧಗಳು ಬೇಡವೆಂದು ನಾನು ಹೇಳುತ್ತಿಲ್ಲ. ಯಾವುದಕ್ಕೆ ಯಾವುದು ಜೋಡಿ ಎಂಬುದನ್ನು ಕಾಯುವುದು ಅವೇ. ಜಿ-ಟಿ ಎರಡು ಬಂಧಗಳೊಂದಿಗೆ ಸ್ವಲ್ಪ ಸರಿದು ಕುಳಿತು ಹೇಗೋ ಹೊಂದಿಕೊಳ್ಳುತ್ತದೆ, ಸಿ-ಸಿ ಮಾತ್ರ ಅತ್ಯಂತ ದುರ್ಬಲ ಮಿಸ್‌ಮ್ಯಾಚ್‌ಗಳಲ್ಲೊಂದು.

ಪ್ರಸನ್ನ: ಮಂಜುನಾಥ್, ‘ಮಾತ್ರ’ ಎಂಬುದನ್ನು ತೆಗೆದು, ಸ್ಟ್ಯಾಕಿಂಗ್‌ನ ಒಂದು ಸಾಲು ಸೇರಿಸಿಬಿಡಿ.

ಮಂಜುನಾಥ: ಸೇರಿಸುತ್ತೇನೆ ಸರ್. ಆದರೆ ಪರೀಕ್ಷೆಯಲ್ಲಿ ಮೂರು ಬಂಧ, ಎರಡು ಬಂಧ ಎಂದು ಬರೆದವರಿಗೇ ಅಂಕ ಸಿಗುವುದು. ಆ ಸಾಲನ್ನು ನಾನು ತೆಗೆಯುವುದಿಲ್ಲ.