ಫ್ಯಾನ್ ತಿರುಗುತ್ತೆ, ಡಿಸ್‌ಪ್ಲೇ ಬರಲ್ಲ, ತಾನಾಗೇ ರೀಸ್ಟಾರ್ಟ್ ಆಗುತ್ತೆ: ಬೋರ್ಡೇ ಹೋಗಿದೆಯಾ?

ತುಂಗಾತೀರ (ಪ್ರಶ್ನೆ)

ಲ್ಯಾಪ್‌ಟಾಪ್ 2018ರದ್ದು. 15.6 ಇಂಚು, ಐ5-8250ಯು ಪ್ರೊಸೆಸರ್, ಡಿಡಿಆರ್4 ರ‍್ಯಾಮ್ ಎರಡು ಸ್ಟಿಕ್ (8 ಜಿಬಿ ಮತ್ತು 4 ಜಿಬಿ), 256 ಜಿಬಿ ಎಸ್‌ಎಸ್‌ಡಿ. ಬ್ಯಾಟರಿ ಒಳಗಡೆ ಇರೋದು. ಚಾರ್ಜರ್ 19.5 ವೋಲ್ಟ್, 3.34 ಆಂಪಿಯರ್, ಜೊತೆಗೆ ಬಂದದ್ದೇ.

ಪವರ್ ಬಟನ್ ಒತ್ತಿದರೆ ಲೈಟ್ ಹತ್ತುತ್ತೆ, ಫ್ಯಾನ್ ತಿರುಗುತ್ತೆ, ಸ್ಕ್ರೀನ್ ಮಾತ್ರ ಕಪ್ಪು. ಸುಮಾರು ಅರ್ಧ ನಿಮಿಷಕ್ಕೆ ತಾನೇ ಆಫ್ ಆಗಿ ಮತ್ತೆ ಆನ್ ಆಗುತ್ತೆ, ಹೀಗೇ ಸುತ್ತುತ್ತಾ ಇರುತ್ತೆ. ಅಪರೂಪಕ್ಕೆ ವಿಂಡೋಸ್ ತನಕ ಹೋದರೂ ಸ್ವಲ್ಪ ಹೊತ್ತಿಗೆ ಹ್ಯಾಂಗ್, ಇಲ್ಲವೇ ನೀಲಿ ಸ್ಕ್ರೀನ್. ಎರರ್ ಪ್ರತಿ ಸಲ ಬೇರೆ: ಒಮ್ಮೆ ಮೆಮೊರಿ ಮ್ಯಾನೇಜ್‌ಮೆಂಟ್, ಒಮ್ಮೆ ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ. ವಿಂಡೋಸ್ ತನ್ನ ತೊಂದರೆಗಳನ್ನ ಬರೆದಿಡುವ ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಸಾಲುಸಾಲಾಗಿ ಇದೆ. ಹೊಸ ವಿಂಡೋಸ್ ಹಾಕಿದರೂ ಇದೇ ಕಥೆ.

ಅಂಗಡಿಯವರು ತೆರೆದೂ ನೋಡದೆ "ಮದರ್‌ಬೋರ್ಡ್ ಹೋಗಿದೆ, ಒಂಬತ್ತು ಸಾವಿರ ಆಗುತ್ತೆ" ಅಂದರು. ನನ್ನ ಹತ್ತಿರ ಮಲ್ಟಿಮೀಟರ್, ಸಣ್ಣ ಸ್ಕ್ರೂಡ್ರೈವರ್ ಸೆಟ್ ಇದೆ. ದುಡ್ಡು ಕೊಡುವ ಮೊದಲು ಏನೇನು ನೋಡಬಹುದು, ಯಾವುದು ಮೊದಲು?

ಬೆಸುಗೆಮನೆ

ಅಪರೂಪಕ್ಕಾದರೂ ವಿಂಡೋಸ್ ತನಕ ಹೋಗುತ್ತೆ ಅಂದಮೇಲೆ ಬೋರ್ಡ್ ಪೂರ್ತಿ ಸತ್ತಿಲ್ಲ. ಪ್ರೊಸೆಸರ್, ಬಯಾಸ್ ಚಿಪ್ (ಆನ್ ಆದಾಗ ಮೊದಲು ಓಡುವ ಪ್ರೋಗ್ರಾಂ ಇರೋದು ಇದರಲ್ಲೇ), 3.3 ಮತ್ತು 5 ವೋಲ್ಟ್ ಸಪ್ಲೈ ಇವೆಲ್ಲ ಕೆಲಸ ಮಾಡ್ತಿವೆ ಅಂತಲೇ ಅರ್ಥ. ಇವುಗಳಲ್ಲಿ ಒಂದು ಹೋಗಿದ್ದರೂ ಒಂದು ಸಲವೂ ಬೂಟ್ ಆಗ್ತಿರಲಿಲ್ಲ.

ಅರ್ಧ ನಿಮಿಷಕ್ಕೊಮ್ಮೆ ಆಫ್-ಆನ್ ಆಗೋದು ದೊಡ್ಡ ಸುಳಿವು. ಆನ್ ಆದ ಕೂಡಲೇ ಬಯಾಸ್ ರ‍್ಯಾಮ್‌ನ ಟೈಮಿಂಗ್ ಹೊಂದಿಸಿಕೊಳ್ಳುತ್ತೆ, ಇದಕ್ಕೆ ಮೆಮೊರಿ ಟ್ರೈನಿಂಗ್ ಅಂತಾರೆ. ಅದು ಮುಗಿಯುವ ತನಕ ಡಿಸ್‌ಪ್ಲೇ ಬರೋದೇ ಇಲ್ಲ. ಟ್ರೈನಿಂಗ್ ಫೇಲ್ ಆದರೆ ರೀಸೆಟ್ ಮಾಡಿ ಮತ್ತೆ ಪ್ರಯತ್ನ ಮಾಡುತ್ತೆ. ನೀವು ನೋಡ್ತಿರೋ ಸುತ್ತು ಅದೇ ಇರಬೇಕು. ನೀಲಿ ಸ್ಕ್ರೀನ್‌ನ ಎರರ್ ಪ್ರತಿ ಸಲ ಬದಲಾಗೋದೂ ರ‍್ಯಾಮ್ ಕಡೆಗೇ ಬೊಟ್ಟು ಮಾಡುತ್ತೆ. ಡ್ರೈವರ್ ಕೆಟ್ಟಿದ್ದರೆ ಸಾಮಾನ್ಯವಾಗಿ ಒಂದೇ ಎರರ್, ಒಂದೇ ಫೈಲ್ ಹೆಸರು ಬರುತ್ತೆ.

ಕರ್ನಲ್-ಪವರ್ 41 ನೋಡಿ ಪವರ್ ಸಪ್ಲೈ ಹಿಂದೆ ಬೀಳಬೇಡಿ. "ಹಿಂದಿನ ಸಲ ಸರಿಯಾಗಿ ಶಟ್‌ಡೌನ್ ಆಗಿರಲಿಲ್ಲ" ಅನ್ನೋದಷ್ಟೇ ಅದರ ಮಾತು, ಕಾರಣ ಅದಕ್ಕೂ ಗೊತ್ತಿರಲ್ಲ. ಅದರ ವಿವರದಲ್ಲಿ ಬಗ್‌ಚೆಕ್ ಕೋಡ್ (ನೀಲಿ ಸ್ಕ್ರೀನ್‌ನ ಎರರ್ ನಂಬರ್) ಸೊನ್ನೆ ಇದ್ದರೆ ನೀಲಿ ಸ್ಕ್ರೀನ್ ಬರೋಕೂ ಪುರುಸೊತ್ತಿಲ್ಲದೆ ನಿಂತಿದೆ ಅಂತ. ಅದೇ ಲಾಗ್‌ನಲ್ಲಿ ವ್ಹೀಯಾ-ಲಾಗರ್ (WHEA-Logger, ಹಾರ್ಡ್‌ವೇರ್ ತಪ್ಪುಗಳನ್ನ ಬರೆದಿಡೋದು) ಅಂತ ಏನಾದರೂ ಇದೆಯಾ ಹುಡುಕಿ. ಇದ್ದರೆ ತಪ್ಪನ್ನು ಹಾರ್ಡ್‌ವೇರೇ ಒಪ್ಪಿಕೊಂಡ ಹಾಗೆ.

ಮಾಡಬೇಕಾದ್ದು: ಚಾರ್ಜರ್ ಕಿತ್ತು, ಹಿಂಬದಿ ಕವರ್ ತೆಗೆದು, ಎಲ್ಲಕ್ಕಿಂತ ಮೊದಲು ಬ್ಯಾಟರಿ ಕನೆಕ್ಟರ್ ಬಿಚ್ಚಿ. ಇದನ್ನು ಬಿಚ್ಚದೆ ಬೇರೆ ಏನನ್ನೂ ಮುಟ್ಟಬೇಡಿ. ಆಮೇಲೆ ಪವರ್ ಬಟನ್ ಮೂವತ್ತು ಸೆಕೆಂಡ್ ಒತ್ತಿ ಹಿಡಿದರೆ ಉಳಿದ ಚಾರ್ಜ್ ಇಳಿಯುತ್ತೆ. ಎಸ್‌ಎಸ್‌ಡಿ, ವೈಫೈ ಕಾರ್ಡ್, ಎರಡೂ ರ‍್ಯಾಮ್ ತೆಗೆದುಬಿಡಿ. ಈಗ ಒಂದೇ ರ‍್ಯಾಮ್ ಒಂದೇ ಸ್ಲಾಟ್‌ಗೆ ಹಾಕಿ ಬರೀ ಚಾರ್ಜರ್ ಮೇಲೆ ಆನ್ ಮಾಡಿ. ಎರಡು ಸ್ಟಿಕ್, ಎರಡು ಸ್ಲಾಟ್, ಒಟ್ಟು ನಾಲ್ಕು ಜೋಡಿ. ನಾಲ್ಕರದ್ದೂ ಫಲಿತಾಂಶ ಬರೆದಿಟ್ಟುಕೊಳ್ಳಿ. ಎರಡು ನೋಡಿ ತೀರ್ಮಾನಕ್ಕೆ ಬಂದರೆ ಕೆಟ್ಟಿರೋದು ಸ್ಟಿಕ್ಕೋ ಸ್ಲಾಟೋ ಗೊತ್ತಾಗಲ್ಲ.

ರ‍್ಯಾಮ್ ಬದಲಿಸಿದ ಮೇಲೆ ಮೊದಲ ಸಲ ಸ್ಕ್ರೀನ್ ಬರೋಕೆ ಒಂದೆರಡು ನಿಮಿಷ ಹಿಡಿಯಬಹುದು, ಟ್ರೈನಿಂಗ್ ಹೊಸದಾಗಿ ನಡೀತಿರುತ್ತೆ. ಕಪ್ಪಿದೆ ಅಂತ ನಡುವೆ ಆಫ್ ಮಾಡಬೇಡಿ.

ಎರೇಸರ್_ಸಾಕು

ಇಷ್ಟೆಲ್ಲ ಯಾಕೆ? ರ‍್ಯಾಮ್ ತೆಗೆದು ಹಳದಿ ಅಂಚನ್ನ ಪೆನ್ಸಿಲ್ ರಬ್ಬರ್‌ನಲ್ಲಿ ಉಜ್ಜಿ ಹಾಕಿ ನೋಡಿ. ಮಳೆಗಾಲದಲ್ಲಿ ಮಲೆನಾಡು, ಕರಾವಳಿ ಕಡೆ ಎಷ್ಟೋ ಕೇಸ್ ಇದರಲ್ಲೇ ಮುಗಿಯುತ್ತೆ.

ಬೆಸುಗೆಮನೆ

ತೇವದ ಜಾಗದಲ್ಲಿ ಕಾಂಟ್ಯಾಕ್ಟ್ ಮಂಕಾಗೋದು ನಿಜ. ಆದರೆ ರಬ್ಬರ್ ಬೇಡ. ಅದರ ಪುಡಿ ಸ್ಲಾಟ್ ಒಳಗೆ ಸೇರುತ್ತೆ, ಅಂಚಿನ ಮೇಲಿನ ಚಿನ್ನದ ಲೇಪನ ಮೊದಲೇ ತೆಳು, ಉಜ್ಜಿದಷ್ಟೂ ಸವೆಯುತ್ತೆ. 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ನಾರು ಬಿಡದ ಬಟ್ಟೆ ಅದ್ದಿ ಒರೆಸಿದರೆ ಸಾಕು. ಸ್ಲಾಟ್ ಒಳಗಿನ ಪಿನ್‌ಗಳಿಗೆ ಅದನ್ನೇ ಮೆತ್ತನೆ ಬ್ರಷ್‌ನಲ್ಲಿ ಹಚ್ಚಿ, ಪೂರ್ತಿ ಆರಿದ ಮೇಲೆ ರ‍್ಯಾಮ್ ಹಾಕಿ. ಮೆಡಿಕಲ್ ಸ್ಟೋರ್‌ನ 70 ಶೇಕಡಾ ಸ್ಪಿರಿಟ್‌ನಲ್ಲಿ ನೀರಿರುತ್ತೆ, ಅದು ಬೇಡ.

ಒರೆಸಿದ ತಕ್ಷಣ ಆನ್ ಆಯ್ತು ಅಂದರೆ ರಿಪೇರಿ ಮುಗಿದಿದೆ ಅಂತಲೂ ಅಲ್ಲ. ತೆಗೆದು ಹಾಕುವಾಗ ಸ್ಲಾಟ್ ಮೇಲೆ ಬಿದ್ದ ಒತ್ತಡಕ್ಕೆ ಬಿಟ್ಟುಹೋದ ಬೆಸುಗೆ ಮತ್ತೆ ತಾಗಿರಬಹುದು. ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಪ್ರೋಗ್ರಾಂ ಹಾಕಿದ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಪೂರ್ತಿ ನಾಲ್ಕು ಪಾಸ್ (ಸುತ್ತು) ಓಡಿಸಿ. ರ‍್ಯಾಮ್ ವಿಷಯದಲ್ಲಿ ಒಂದೇ ಒಂದು ಎರರ್ ಬಂದರೂ ಫೇಲ್.

ಲೋಡ್‌ಟೆಸ್ಟ್

ರ‍್ಯಾಮ್ ಮೇಲೆ ನನಗೂ ಅನುಮಾನ ಇದೆ, ಆದರೆ ಚಾರ್ಜರ್ ನೋಡದೆ ಮುಂದೆ ಹೋಗಬೇಡಿ. ಬ್ಯಾಟರಿ ಬಿಚ್ಚಿ ಟೆಸ್ಟ್ ಮಾಡುವಾಗ ಎಲ್ಲ ಕರೆಂಟೂ ಅದರಿಂದಲೇ ಬರಬೇಕು. ಅದು ಸೊರಗಿದ್ದರೆ ನಿಮ್ಮ ನಾಲ್ಕು ಫಲಿತಾಂಶವೂ ಸುಳ್ಳು.

ಸುಮ್ಮನೆ ಮೀಟರ್ ಇಟ್ಟು 19.5 ಬಂತು ಅಂದರೆ ಏನೂ ತಿಳಿಯಲ್ಲ. ಒಳಗಿನ ಕೆಪಾಸಿಟರ್ ಒಣಗಿದ ಚಾರ್ಜರ್ ಕೂಡ ಲೋಡ್ ಇಲ್ಲದಾಗ ಸರಿಯಾದ ವೋಲ್ಟೇಜ್ ತೋರಿಸುತ್ತೆ. ಲಾರಿ ಇಂಡಿಕೇಟರ್‌ಗೆ ಹಾಕುವ 24 ವೋಲ್ಟ್ 21 ವಾಟ್ ಬಲ್ಬ್ ಆಟೊಮೊಬೈಲ್ ಅಂಗಡಿಯಲ್ಲಿ ಸಿಗುತ್ತೆ. 19.5 ವೋಲ್ಟ್‌ಗೆ ಒಂದೊಂದೂ ಮುಕ್ಕಾಲು ಆಂಪಿಯರ್ ಆಸುಪಾಸು ಎಳೆಯುತ್ತೆ. ಎರಡು ಮೂರನ್ನು ಪ್ಯಾರಲಲ್ ಆಗಿ ಜೋಡಿಸಿ, ಹತ್ತು ನಿಮಿಷ ಉರಿಸಿ ವೋಲ್ಟೇಜ್ ನೋಡಿ. 19ರ ಕೆಳಗೆ ಜಾರಬಾರದು, ಬಲ್ಬ್ ಮಿಣುಕಬಾರದು. ಉರಿಯುತ್ತಿರುವಾಗಲೇ ವೈರನ್ನು ಪಿನ್ ಹತ್ತಿರ ಸ್ವಲ್ಪ ಬಗ್ಗಿಸಿ ನೋಡಿ, ತಾಮ್ರದ ಎಳೆ ತುಂಡಾಗೋದು ಸಾಮಾನ್ಯವಾಗಿ ಅಲ್ಲೇ. ಬಲ್ಬ್ ಬಿಸಿ ಏರುತ್ತೆ, ಪ್ಲಾಸ್ಟಿಕ್ ಮೇಲೆ ಇಡಬೇಡಿ.

ಡೆಲ್, ಎಚ್‌ಪಿ ಮಾದರಿಯ ನಡುವೆ ಸಣ್ಣ ಸೂಜಿ ಇರುವ ಪಿನ್ ಆದರೆ ಹುಷಾರು. ಆ ಸೂಜಿ ಪವರ್‌ಗಲ್ಲ, ಚಾರ್ಜರ್ ಎಷ್ಟು ವಾಟ್ ಅಂತ ಲ್ಯಾಪ್‌ಟಾಪ್‌ಗೆ ತಿಳಿಸೋಕೆ. ಪಾಸಿಟಿವ್ ಸಿಗೋದು ಕೊಳವೆಯ ಒಳಮೈಯಲ್ಲಿ, ಹೊರಮೈ ನೆಗೆಟಿವ್. ಮೀಟರ್ ಮೊನೆ ಸೂಜಿಗೂ ಕೊಳವೆಗೂ ಒಟ್ಟಿಗೆ ತಾಗಿದರೆ ಆ ಸಿಗ್ನಲ್ ಲೈನ್ ಸುಡುತ್ತೆ. ಡೆಲ್‌ನಲ್ಲಿ ಅದು ಕೆಟ್ಟರೆ ಲ್ಯಾಪ್‌ಟಾಪ್ ಓಡುತ್ತೆ, ಆದರೆ ಬ್ಯಾಟರಿ ಚಾರ್ಜ್ ಆಗಲ್ಲ, ಪ್ರೊಸೆಸರ್ ಆಮೆ ನಡಿಗೆಗೆ ಇಳಿಯುತ್ತೆ.

ತೆರೆದಾಗ ಬೋರ್ಡಿನ ಮೇಲಿರುವ ಸಿಆರ್2032 ಸೆಲ್ಲನ್ನೂ (ಬಯಾಸ್ ಸೆಟ್ಟಿಂಗ್, ಗಡಿಯಾರ ಉಳಿಸುವ ಸಿಮಾಸ್ ಸೆಲ್) ಅಳೆಯಿರಿ. ಹೊಸದು 3 ವೋಲ್ಟ್ ಮೇಲೇ ಇರುತ್ತೆ, 2.7ಕ್ಕಿಂತ ಕೆಳಗಿದ್ದರೆ ಬದಲಾಯಿಸಿ.

ಕಪ್ಪುಪರದೆ

ಡಿಸ್‌ಪ್ಲೇ ಬರ್ತಿಲ್ಲ ಅನ್ನೋದೂ ಬೂಟ್ ಆಗ್ತಿಲ್ಲ ಅನ್ನೋದೂ ಬೇರೆ ಬೇರೆ. ಸ್ಕ್ರೂ ಬಿಚ್ಚುವ ಮೊದಲೇ ತಿಳಿಯುತ್ತೆ: ಸ್ಕ್ರೀನ್ ಕಪ್ಪಿದ್ದಾಗ ಕ್ಯಾಪ್ಸ್ ಲಾಕ್ ಒತ್ತಿ. ಅದರ ಲೈಟ್ ಹತ್ತಿ ಆರಿದರೆ ಒಳಗೆ ಎಲ್ಲ ನಡೀತಿದೆ, ಕಾಣ್ತಿಲ್ಲ ಅಷ್ಟೇ. ಆಗ ಕೋಣೆ ಕತ್ತಲು ಮಾಡಿ ಫೋನಿನ ಟಾರ್ಚನ್ನು ಸ್ಕ್ರೀನ್‌ಗೆ ಓರೆಯಾಗಿ ಹಿಡಿಯಿರಿ. ಮಸುಕಾಗಿ ಚಿತ್ರ ಕಂಡರೆ ಬ್ಯಾಕ್‌ಲೈಟ್ ಹೋಗಿದೆ. ಏನೂ ಕಾಣದೆ ಎಚ್‌ಡಿಎಂಐನಲ್ಲಿ ಟಿವಿಗೆ ಬಂದರೆ ಪ್ಯಾನೆಲ್ ಅಥವಾ ಅದರ ಕೇಬಲ್. ನಿಮ್ಮದರಲ್ಲಿ ರೀಸ್ಟಾರ್ಟ್ ಸುತ್ತು ಇರೋದರಿಂದ ಕ್ಯಾಪ್ಸ್ ಲಾಕ್ ಸತ್ತೇ ಇರುತ್ತೆ ಅಂತ ನನ್ನ ಊಹೆ.

ಡಿಸ್‌ಪ್ಲೇ ಕೇಬಲ್ಲನ್ನು ಬ್ಯಾಟರಿ ಜೋಡಿಸಿರುವಾಗ ಎಳೆಯಲೇಬೇಡಿ. ಬ್ಯಾಕ್‌ಲೈಟ್‌ನ ಹೆಚ್ಚು ವೋಲ್ಟೇಜ್ ಪಿನ್‌ಗಳು ಅದೇ ಕನೆಕ್ಟರ್‌ನಲ್ಲಿರುತ್ತವೆ. ಓರೆಯಾಗಿ ಬಿಚ್ಚಿದರೆ ಬ್ಯಾಕ್‌ಲೈಟ್ ಫ್ಯೂಸ್ ಹಾರುತ್ತೆ, ಇಲ್ಲದ ಇನ್ನೊಂದು ರಿಪೇರಿ ಗಂಟುಬೀಳುತ್ತೆ.

ಪವರ್ ಲೈಟ್ ಏನಾದರೂ ಲೆಕ್ಕವಾಗಿ ಮಿಣುಕ್ತಿದೆಯಾ ಗಮನಿಸಿ. ಈಚಿನ ಡೆಲ್‌ಗಳಲ್ಲಿ 2 ಹಳದಿ 3 ಬಿಳಿ ಅಂದರೆ ರ‍್ಯಾಮ್ ಕಾಣ್ತಿಲ್ಲ, 2-4 ಅಂದರೆ ರ‍್ಯಾಮ್ ಫೇಲ್, 2-7 ಸ್ಕ್ರೀನ್, 3-1 ಸಿಮಾಸ್ ಸೆಲ್. ಎಚ್‌ಪಿಯಲ್ಲಿ 3 ಉದ್ದ 2 ಗಿಡ್ಡ ಮಿಣುಕು ಬಂದರೆ ರ‍್ಯಾಮ್. ಈ ಲೆಕ್ಕ ಕಂಪನಿಯಿಂದ ಕಂಪನಿಗೆ ಬೇರೆ, ನಿಮ್ಮ ಮಾಡೆಲ್‌ನ ಸರ್ವಿಸ್ ಮ್ಯಾನ್ಯುಯಲ್‌ನಲ್ಲೇ ನೋಡಿ.

ತುಂಗಾತೀರ

ಎಲ್ಲರಿಗೂ ಥ್ಯಾಂಕ್ಸ್. ಫಲಿತಾಂಶ ಹೀಗಿದೆ.

ಚಾರ್ಜರ್: ಲೋಡ್ ಇಲ್ಲದೆ 19.6, ಎರಡು ಬಲ್ಬ್ ಹಾಕಿ ಹತ್ತು ನಿಮಿಷದ ಮೇಲೂ 19.4. ವೈರ್ ಬಗ್ಗಿಸಿದರೂ ಬದಲಾವಣೆ ಇಲ್ಲ. ಸೆಲ್ 2.4 ಇತ್ತು, ಹೊಸದು ಹಾಕಿದೆ, ಸಮಸ್ಯೆ ಹಾಗೇ ಇದೆ. ಸ್ಕ್ರೀನ್ ಕಪ್ಪಿದ್ದಾಗ ಕ್ಯಾಪ್ಸ್ ಲಾಕ್ ಲೈಟ್ ಹತ್ತಲ್ಲ. ಮಿಣುಕು ಕೋಡ್ ಏನೂ ಇಲ್ಲ.

ರ‍್ಯಾಮ್: ಪ್ರೊಸೆಸರ್‌ಗೆ ದೂರದ ಸ್ಲಾಟ್‌ನಲ್ಲಿ 8 ಜಿಬಿ ಒಂದೇ ಹಾಕಿದರೆ ಪ್ರತಿ ಸಲ ಬೂಟ್ ಆಗುತ್ತೆ, ನಾಲ್ಕು ಪಾಸ್‌ಗೂ ಸೊನ್ನೆ ಎರರ್. 4 ಜಿಬಿ ಹಾಕಿದರೂ ಅದೇ. ಪ್ರೊಸೆಸರ್ ಹತ್ತಿರದ ಸ್ಲಾಟ್‌ನಲ್ಲಿ ಯಾವುದನ್ನು ಹಾಕಿದರೂ ರೀಸ್ಟಾರ್ಟ್ ಸುತ್ತು. ಆಲ್ಕೊಹಾಲ್‌ನಲ್ಲಿ ಒರೆಸಿದ ಮೇಲೂ ಹಾಗೇ. ಆ ಸ್ಲಾಟ್‌ನಲ್ಲಿ ಒಮ್ಮೆ ಬೂಟ್ ಆದಾಗ ಮೆಮ್‌ಟೆಸ್ಟ್ ಓಡಿಸಿದೆ, ಎರರ್ ಸುರಿಮಳೆ. ವಿಳಾಸ ಎಲ್ಲೆಲ್ಲೋ ಇದೆ, ಆದರೆ ಎರರ್ ಬಿಟ್ಸ್ ಅನ್ನೋ ಕಾಲಮ್‌ನಲ್ಲಿ ಯಾವಾಗಲೂ 00004000 ಅಂತಲೇ ಬರುತ್ತೆ. ಇದಕ್ಕೇನಾದರೂ ಅರ್ಥ ಇದೆಯಾ?

ಬೆಸುಗೆಮನೆ

ಅರ್ಥ ಇದೆ, ಎಲ್ಲವೂ ಅದರಲ್ಲೇ ಇದೆ. ರ‍್ಯಾಮ್ ಚಿಪ್‌ನ ಒಂದು ಮೂಲೆ ಕೆಟ್ಟಿದ್ದರೆ ಎರರ್ ಒಂದು ವಿಳಾಸದ ಸುತ್ತಮುತ್ತ ಗುಂಪಾಗಿ ಬರುತ್ತೆ. ನಿಮ್ಮದರಲ್ಲಿ ವಿಳಾಸ ಎಲ್ಲೆಂದರಲ್ಲಿ, ತಪ್ಪೋದು ಮಾತ್ರ ಒಂದೇ ಬಿಟ್. 00004000 (ಹೆಕ್ಸ್, ಹದಿನಾರರ ಲೆಕ್ಕದ ಅಂಕಿ) ಅಂದರೆ ಸೊನ್ನೆಯಿಂದ ಎಣಿಸಿದರೆ 14ನೇ ಬಿಟ್. ರ‍್ಯಾಮ್‌ಗೂ ಪ್ರೊಸೆಸರ್‌ಗೂ ನಡುವೆ 64 ಡೇಟಾ ಲೈನ್ ಇರುತ್ತವೆ, ಅವುಗಳಲ್ಲಿ ಒಂದು ಸರಿಯಾಗಿ ತಾಗ್ತಿಲ್ಲ. ಸ್ಟಿಕ್ ಬದಲಿಸಿದರೂ ಅದೇ ಸ್ಲಾಟ್ ಫೇಲ್ ಆಗೋದರಿಂದ ಸ್ಟಿಕ್‌ಗಳೆರಡೂ ಚೆನ್ನಾಗಿವೆ. ತೊಂದರೆ ಇರೋದು ಸ್ಲಾಟ್‌ನ ಪಿನ್ನಲ್ಲಿ, ಪಿನ್ನಿನ ಬೆಸುಗೆಯಲ್ಲಿ, ಅಥವಾ ಪ್ರೊಸೆಸರ್ ಕೆಳಗಿನ ಬೆಸುಗೆಯಲ್ಲಿ.

ಒಂದು ಎಚ್ಚರ: ಬೋರ್ಡಿನಲ್ಲಿ ಲೈನ್ ಎಳೆಯುವಾಗ ತಯಾರಕರು ಅನುಕೂಲಕ್ಕೆ ಬಿಟ್‌ಗಳನ್ನು ಅದಲುಬದಲು ಮಾಡಿರುತ್ತಾರೆ. ಹಾಗಾಗಿ ಬಿಟ್ ನಂಬರ್ ಹಿಡಿದು ನೇರವಾಗಿ ಇಂಥದ್ದೇ ಪಿನ್ ಅಂತ ಹೇಳೋಕಾಗಲ್ಲ. ಮೀಟರ್‌ನಲ್ಲಿ ಹುಡುಕಬೇಕು.

ಚಾರ್ಜರ್, ಬ್ಯಾಟರಿ, ಸಿಮಾಸ್ ಸೆಲ್, ಎರಡೂ ರ‍್ಯಾಮ್ ತೆಗೆಯಿರಿ. ಮೀಟರ್ ಡಯೋಡ್ ಮೋಡ್‌ಗೆ ಹಾಕಿ, ಕೆಂಪು ಪ್ರೋಬ್ ಬೋರ್ಡಿನ ಗ್ರೌಂಡ್‌ಗೆ (ಸ್ಕ್ರೂ ತೂತಿನ ಸುತ್ತಲಿನ ಲೋಹ), ಕಪ್ಪು ಪ್ರೋಬ್ ಪಿನ್‌ಗೆ. ಡೇಟಾ ಪಿನ್‌ಗಳೆಲ್ಲ ಹೆಚ್ಚುಕಮ್ಮಿ ಒಂದೇ ರೀಡಿಂಗ್ ಕೊಡುತ್ತವೆ. ಕೆಟ್ಟ ಸ್ಲಾಟ್‌ನ ಪ್ರತಿ ಪಿನ್ನನ್ನೂ ಒಳ್ಳೆ ಸ್ಲಾಟ್‌ನ ಅದೇ ನಂಬರಿನ ಪಿನ್‌ಗೆ ಹೋಲಿಸಿ. ಒಂದರಲ್ಲಿ ರೀಡಿಂಗೇ ಇಲ್ಲದಿದ್ದರೆ ಅದೇ ಕಳ್ಳ. ಡಿಡಿಆರ್4 ಸ್ಲಾಟ್‌ನಲ್ಲಿ 260 ಪಿನ್, ನಡುವಿನ ಅಂತರ ಅರ್ಧ ಮಿಲಿಮೀಟರ್. ಪ್ರೋಬ್ ತುದಿಗೆ ಹೊಲಿಗೆ ಸೂಜಿ ಬಿಗಿದುಕೊಳ್ಳಿ.

ಕಳ್ಳ ಸಿಕ್ಕಿದರೆ ಅದೇ ಪಿನ್ನಿನ ಕಾಲನ್ನು, ಬೋರ್ಡಿಗೆ ಬೆಸೆದಿರುವ ಕಡೆ, ಮತ್ತೆ ಅಳೆಯಿರಿ. ಬೋರ್ಡಿನ ತಾಮ್ರದ ಮೇಲೆ ರೀಡಿಂಗ್ ಇದ್ದು ಕಾಲಿನ ಮೇಲೆ ಇಲ್ಲದಿದ್ದರೆ ಬೆಸುಗೆ ಬಿಟ್ಟಿದೆ: ಬೆಸುಗೆ ಚೆನ್ನಾಗಿ ಹಿಡಿಯೋಕೆ ಫ್ಲಕ್ಸ್ ಹಚ್ಚಿ, ಸಣ್ಣ ಮೊನೆಯ ಬೆಸುಗೆ ಐರನ್‌ನಲ್ಲಿ ಆ ಕಾಲನ್ನು ಒಮ್ಮೆ ಮುಟ್ಟಿಸಿದರೆ ಮುಗೀತು, ಚಿಪ್ ಲೆವೆಲ್ ಕೆಲಸ ಬಲ್ಲವರಿಗೆ ಹತ್ತು ನಿಮಿಷದ ಕೆಲಸ. ಕಾಲಿನ ಮೇಲೆ ಇದ್ದು ಒಳಗಿನ ಪಿನ್ ಮೇಲೆ ಇಲ್ಲದಿದ್ದರೆ ಸ್ಲಾಟ್ ಬದಲಿಸಬೇಕು. ತಾಮ್ರದ ಮೇಲೂ ಇಲ್ಲದಿದ್ದರೆ ತಪ್ಪು ಪ್ರೊಸೆಸರ್ ಕಡೆ ಇದೆ. ಅದನ್ನು ಬಿಸಿ ಮಾಡಿ ಕೂರಿಸ್ತೀವಿ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ, ನಾಲ್ಕು ದಿನ ನಡೆದು ಮತ್ತೆ ನಿಲ್ಲುತ್ತೆ, ಆಗ ಇರೋ ಒಳ್ಳೆ ಸ್ಲಾಟೂ ಕೈಬಿಡಬಹುದು.

ತುಂಗಾತೀರ

ಒಂದು ಪಿನ್‌ಗೆ ರೀಡಿಂಗ್ ಇಲ್ಲ. ಕಾಲಿನ ಮೇಲೂ ಇಲ್ಲ, ತಾಮ್ರದ ಮೇಲೂ ಇಲ್ಲ. ಉಳಿದವೆಲ್ಲ 0.4ರ ಆಸುಪಾಸು. ಹಾಗಾದರೆ ಆ ಸ್ಲಾಟ್ ಖಾಲಿ ಬಿಟ್ಟು, ಒಳ್ಳೆಯದಕ್ಕೆ 16 ಜಿಬಿ ಒಂದೇ ಸ್ಟಿಕ್ ಹಾಕಬಹುದಾ? ಇಲ್ಲಿ 2666 ವೇಗದ್ದು ಮಾತ್ರ ಸಿಗ್ತಿದೆ.

ಲೋಡ್‌ಟೆಸ್ಟ್

ಹಾಕಬಹುದು. 8250ಯು ಬೆಂಬಲಿಸೋದು 2400ರ ತನಕ. 2666 ಹಾಕಿದರೆ ತಾನೇ 2400ಕ್ಕೆ ಇಳಿದು ಓಡುತ್ತೆ. ಸೋಡಿಮ್ (ಲ್ಯಾಪ್‌ಟಾಪ್ ಅಳತೆಯ ಸ್ಟಿಕ್), ಡಿಡಿಆರ್4, 1.2 ವೋಲ್ಟ್ ಅಂತ ಲೇಬಲ್ ಮೇಲೆ ನೋಡಿ ತಗೊಳ್ಳಿ. ಒಂದೇ ಚಾನೆಲ್ (ಪ್ರೊಸೆಸರ್‌ಗೂ ಮೆಮೊರಿಗೂ ನಡುವೆ ಒಂದೇ ದಾರಿ) ಆಗೋದರಿಂದ ಒಳಗಿನ ಗ್ರಾಫಿಕ್ಸ್‌ಗೆ ಪೆಟ್ಟು ಬೀಳುತ್ತೆ, ಆಟ ಆಡುವವರಿಗೆ ಗೊತ್ತಾಗುತ್ತೆ. ಬ್ರೌಸರ್, ಎಕ್ಸೆಲ್, ನುಡಿ ಟೈಪಿಂಗ್‌ಗೆ ವ್ಯತ್ಯಾಸ ಕಾಣಲ್ಲ.

ಸ್ಟಿಕ್ ಬಂದ ಮೇಲೆ ರಿಟರ್ನ್ ಅವಧಿ ಮುಗಿಯುವ ಮೊದಲೇ ನಾಲ್ಕು ಪಾಸ್ ಮೆಮ್‌ಟೆಸ್ಟ್ ಮುಗಿಸಿಬಿಡಿ. 16 ಜಿಬಿಗೆ ಗಂಟೆಗಟ್ಟಲೆ ಹಿಡಿಯುತ್ತೆ, ರಾತ್ರಿ ಹಾಕಿ ಮಲಗಿ. ಇಷ್ಟು ದಿನ ಕೆಟ್ಟ ರ‍್ಯಾಮ್ ಲೈನ್ ಮೇಲೆ ಓಡಿರೋದರಿಂದ ಎಸ್‌ಎಸ್‌ಡಿಗೆ ಬರೆದದ್ದರಲ್ಲೂ ತಪ್ಪು ಸೇರಿರಬಹುದು. ಆ ವಿಂಡೋಸ್ ನಂಬಬೇಡಿ, ಅಳಿಸಿ ಹೊಸದಾಗಿ ಹಾಕಿ. ಈ ಅವಧಿಯಲ್ಲಿ ಕಾಪಿ ಮಾಡಿದ ಜಿಪ್ ಫೈಲ್, ಫೋಟೊಗಳನ್ನು ಒಂದೊಂದಾಗಿ ತೆರೆದು ನೋಡಿ.