ಅಮೆರಿಕದ ಉಪಾಧ್ಯಕ್ಷ ಅಭ್ಯರ್ಥಿ, ಸಂಪುಟದ ಹೆಸರುಗಳು: ಗಾಳಿಸುದ್ದಿ ಸೋಸೋದು ಹೇಗೆ?

ಬಸವನಗುಡಿ_ಬ್ಯಾಲೆಟ್:
ನಮ್ಮಲ್ಲಿ ಸಂಪುಟ ರಚನೆ ಅಂದ್ರೆ ಲೆಕ್ಕ ಬಾಯಿಪಾಠ. 224 ಶಾಸಕರು, ಶೇ 15ರ ಮಿತಿ, ಸಿಎಂ ಸೇರಿ 34. ಅದರೊಳಗೆ ಜಾತಿ, ಜಿಲ್ಲೆ, ಹಿರಿತನ, ಕೊನೆಗೆ ಹೈಕಮಾಂಡ್ ಪಟ್ಟಿ. ಅಮೆರಿಕದ ಚುನಾವಣೆ ಬಂದಾಗ ಮಾತ್ರ ಚಾನೆಲ್‌ನವರು ಹತ್ತು ಹೆಸರು ತೇಲಿಬಿಡ್ತಾರೆ, ಯಾವುದು ಗಟ್ಟಿ ಯಾವುದು ಜೊಳ್ಳು ಗೊತ್ತಾಗಲ್ಲ. 2028ಕ್ಕೆ ಮುಂಚೆ ಬಲ್ಲವರು ತಿಳಿಸ್ತೀರಾ?

ವಿಜಯನಗರ_ವೀಕ್ಷಕ:
ಮೊದಲು ಆ ವ್ಯಕ್ತಿ ಖಾಲಿ ಮಾಡೋ ಕುರ್ಚಿ ನೋಡಿ. ನಮ್ಮಲ್ಲಿ ಮಂತ್ರಿಯಾದ್ರೂ ಶಾಸಕ ಸ್ಥಾನ ಎಲ್ಲೂ ಹೋಗಲ್ಲ. ಅಲ್ಲಿ ಸೆನೆಟರ್ (ಮೇಲ್ಮನೆ ಸದಸ್ಯರು) ಸಂಪುಟ ಸೇರಬೇಕಂದ್ರೆ ರಾಜೀನಾಮೆ ಕೊಡಲೇಬೇಕು, ಸಂವಿಧಾನದಲ್ಲೇ ಹಾಗಿದೆ. ಖಾಲಿ ಸೀಟಿಗೆ ಹೆಚ್ಚಿನ ರಾಜ್ಯಗಳಲ್ಲಿ ಗವರ್ನರ್ ತಾತ್ಕಾಲಿಕವಾಗಿ ಒಬ್ಬರನ್ನ ಕೂರಿಸ್ತಾರೆ. (ನಮ್ಮ ರಾಜ್ಯಪಾಲರ ಥರ ಅಲ್ಲ, ಅಲ್ಲಿ ಗವರ್ನರ್ ಅಂದ್ರೆ ಗೆದ್ದು ಬಂದ ಸಿಎಂ ಇದ್ದಹಾಗೆ.)

2016ರಲ್ಲಿ ಡೆಮಾಕ್ರಾಟ್ ಹಿಲರಿ ಕ್ಲಿಂಟನ್ ಜೋಡಿಯಾಗಿ, ಅಂದ್ರೆ ಉಪಾಧ್ಯಕ್ಷ ಅಭ್ಯರ್ಥಿಯಾಗಿ, ಓಹಾಯೊ ಸೆನೆಟರ್ ಶೆರಾಡ್ ಬ್ರೌನ್ ಹೆಸರೂ ಓಡಾಡ್ತಿತ್ತು, ವರ್ಜೀನಿಯಾದ ಟಿಮ್ ಕೇನ್ ಹೆಸರೂ. ಓಹಾಯೊ ಗವರ್ನರ್ ಕೇಸಿಕ್ ರಿಪಬ್ಲಿಕನ್, ವರ್ಜೀನಿಯಾದ ಮೆಕಾಲಿಫ್ ಡೆಮಾಕ್ರಾಟ್. ಬ್ರೌನ್ ಗೆದ್ದು ಹೋದ್ರೆ ಸೀಟು ಎದುರು ಪಕ್ಷದ ಕೈಗೆ. ಟಿಕೆಟ್ ಸಿಕ್ಕಿದ್ದು ಕೇನ್‌ಗೆ. ಸೆನೆಟರ್ ಸ್ಯಾಂಡರ್ಸ್‌ಗೆ ಕಾರ್ಮಿಕ ಖಾತೆ ಯಾಕಿಲ್ಲ ಅಂದಾಗಲೂ 2021ರ ಜನವರಿಯಲ್ಲಿ ಬೈಡನ್ ಬಹಿರಂಗವಾಗೇ ಹೇಳಿದ್ದು ಇದನ್ನೇ: 50-50 ಇರೋ ಸೆನೆಟನ್ನ ಪಣಕ್ಕಿಡೋಕಾಗಲ್ಲ.

ಕೆಳಮನೆ ಸದಸ್ಯರದ್ದು ಇನ್ನೂ ಕಷ್ಟ. ಅಲ್ಲಿ ಗವರ್ನರ್ ನೇಮಕಕ್ಕೆ ಅವಕಾಶವೇ ಇಲ್ಲ, ಉಪಚುನಾವಣೆ ಆಗೋವರೆಗೂ ಸೀಟು ಖಾಲಿ. ಎಲೀಸ್ ಸ್ಟೆಫಾನಿಕ್‌ರನ್ನ ವಿಶ್ವಸಂಸ್ಥೆ ರಾಯಭಾರಿ ಅಂತ ಘೋಷಿಸಿಯೂ 2025ರ ಮಾರ್ಚ್‌ನಲ್ಲಿ ಟ್ರಂಪ್ ಹಿಂದೆಗೆದುಕೊಂಡಿದ್ದು ಬಹುಮತ ತೀರಾ ತೆಳುವಾಗಿತ್ತು ಅಂತಲೇ.

ಮಲ್ಲೇಶ್ವರಂ_18ನೇ_ಕ್ರಾಸ್:
ಸರಿ, ಆದ್ರೆ 'ಇವರನ್ನ ಹಾಕಿದ್ರೆ ಆ ರಾಜ್ಯ ಗ್ಯಾರಂಟಿ' ಅನ್ನೋ ಚರ್ಚೆಗೆ ಕಿವಿಗೊಡಬೇಡಿ. 2004ರಲ್ಲಿ ಉಪಾಧ್ಯಕ್ಷ ಅಭ್ಯರ್ಥಿಯಾಗಿ ಎಡ್ವರ್ಡ್ಸ್ ಇದ್ರೂ ಅವರದೇ ರಾಜ್ಯ ನಾರ್ತ್ ಕ್ಯಾರೊಲಿನಾ ಕೈಕೊಡ್ತು, 2012ರಲ್ಲಿ ರಯಾನ್ ಇದ್ರೂ ಅವರ ವಿಸ್ಕಾನ್ಸಿನ್ ಹೋಯ್ತು.

ಹೆಸರುಗಳು ಉದುರೋದು ಜಾಲಾಡುವಾಗ. ವಕೀಲರ ತಂಡ ವರ್ಷಗಟ್ಟಲೆ ತೆರಿಗೆ ಕಾಗದ, ಆಸ್ತಿ, ಆರೋಗ್ಯ, ಹಳೇ ಭಾಷಣ, ಮನೆಕೆಲಸದವರಿಗೆ ಕಟ್ಟಿದ ತೆರಿಗೆವರೆಗೆ ಎಲ್ಲ ಕೆದಕುತ್ತೆ. ಕೊನೆಯದು ಸಣ್ಣ ವಿಷಯ ಅನ್ಕೋಬೇಡಿ, 1993ರಲ್ಲಿ ಅಟಾರ್ನಿ ಜನರಲ್ (ಅಲ್ಲಿ ಕಾನೂನು ಸಚಿವರಿದ್ದಹಾಗೆ) ಆಗಬೇಕಿದ್ದ ಜೋಯಿ ಬೇರ್ಡ್ ಹಿಂದೆ ಸರಿದಿದ್ದೇ ಅದರಿಂದ. ಆತುರಪಟ್ರೆ ಏನಾಗುತ್ತೆ ಅನ್ನೋದಕ್ಕೆ 1972 ನೋಡಿ: ಅಧ್ಯಕ್ಷ ಅಭ್ಯರ್ಥಿ ಮೆಕ್‌ಗವರ್ನ್ ಉಪಾಧ್ಯಕ್ಷ ಸ್ಥಾನಕ್ಕೆ ಆರಿಸಿದ ಈಗಲ್ಟನ್, ಖಿನ್ನತೆಗೆ ಶಾಕ್ ಚಿಕಿತ್ಸೆ ತಗೊಂಡಿದ್ದು ಹೊರಬಿದ್ದು 18 ದಿನಕ್ಕೆ ಕಣದಿಂದ ಹೊರಗೆ.

ಬಸವನಗುಡಿ_ಬ್ಯಾಲೆಟ್:
ಪ್ರಚಾರದಲ್ಲೇ ಸಂಪುಟ ಪಟ್ಟಿ ಬಿಟ್ಟುಬಿಟ್ರೆ ಈ ಗೊಂದಲವೇ ಇರಲ್ವಲ್ಲ? ಇನ್ನೊಂದು: 2024ರಲ್ಲಿ ಟ್ರಂಪ್ ಜೋಡಿಯಾಗಿ ಕೇಳಿಬಂದ ಫ್ಲಾರಿಡಾ ಸೆನೆಟರ್ ರೂಬಿಯೊ ಹೆಸರಿಗೆ 'ಫ್ಲಾರಿಡಾ ತೊಡಕು' ಅಂದಿದ್ದೇನು?

ಜಯನಗರ_ಜಾಣೆ:
ಬೆಂಬಲ ಗಿಟ್ಟಿಸೋಕೆ ಅಭ್ಯರ್ಥಿ ಹುದ್ದೆಯ ಭರವಸೆ ಕೊಡೋದು ಅಲ್ಲಿ ಅಪರಾಧ, ಜೈಲು ಶಿಕ್ಷೆಯೂ ಇದೆ. ಅದಕ್ಕೇ ಎಲ್ರೂ 'ಎಲ್ಲ ಹೆಸರೂ ಪರಿಶೀಲನೆಯಲ್ಲಿದೆ' ಅಂತ ತೇಲಿಸಿ ಮಾತಾಡ್ತಾರೆ. ಮೇಲಾಗಿ ಸೆನೆಟ್ ಒಪ್ಪಿಗೆ ಬೇಕು. ಸರಳ ಬಹುಮತ ಸಾಕು, ಆದ್ರೂ 1989ರಲ್ಲಿ ರಕ್ಷಣಾ ಸಚಿವ ಸ್ಥಾನಕ್ಕೆ ಹೆಸರಿಸಿದ್ದ ಜಾನ್ ಟವರ್ 47-53ರಲ್ಲಿ ಬಿದ್ರು. 2025ರಲ್ಲಿ ಅದೇ ಹುದ್ದೆಗೆ ಹೆಸರಿಸಿದ್ದ ಹೆಗ್ಸೆತ್‌ಗೆ 50-50 ಆಗಿ, ಉಪಾಧ್ಯಕ್ಷ ವ್ಯಾನ್ಸ್ ಮತದಿಂದ ದಡ ಸೇರಿದ್ರು.

ಫ್ಲಾರಿಡಾ ವಿಷಯ ಸಂವಿಧಾನದ 12ನೇ ತಿದ್ದುಪಡಿಯದು. ಒಂದು ರಾಜ್ಯದ ಎಲೆಕ್ಟರ್‌ಗಳು (ಅಧ್ಯಕ್ಷರನ್ನ ಕೊನೆಗೆ ಆರಿಸೋ ಆ ರಾಜ್ಯದ ಪ್ರತಿನಿಧಿಗಳು) ಅಧ್ಯಕ್ಷ, ಉಪಾಧ್ಯಕ್ಷ ಎರಡಕ್ಕೂ ತಮ್ಮ ರಾಜ್ಯದವರಿಗೇ ಮತ ಹಾಕೋ ಹಾಗಿಲ್ಲ. ಟ್ರಂಪ್, ರೂಬಿಯೊ ಇಬ್ರೂ ಫ್ಲಾರಿಡಾದವರು, ಅಲ್ಲಿ 30 ಎಲೆಕ್ಟರ್ ಮತ. 2000ರಲ್ಲಿ ಇದೇ ಕಾರಣಕ್ಕೆ, ಟೆಕ್ಸಾಸ್‌ನ ಬುಷ್‌ಗೆ ಜೋಡಿಯಾಗಿದ್ದ ಡಿಕ್ ಚೇನಿ ಟೆಕ್ಸಾಸ್‌ನಿಂದ ವಯೋಮಿಂಗ್‌ಗೆ ಮತದಾರ ನೋಂದಣಿ ಬದಲಿಸಿಕೊಂಡಿದ್ರು. ಸಂಪುಟಕ್ಕೆ ಈ ನಿಯಮ ಇಲ್ಲ. ಹಾಗಾಗಿ ರೂಬಿಯೊ ವಿದೇಶಾಂಗ ಸಚಿವರಾಗಿ 99-0ರಲ್ಲಿ ಸಲೀಸಾಗಿ ಪಾಸಾದ್ರು, ಅವರ ಸೀಟಿಗೆ ಗವರ್ನರ್ ಡಿಸ್ಯಾಂಟಿಸ್ ತಮ್ಮದೇ ಪಕ್ಷದ ಆಶ್ಲಿ ಮೂಡಿಯವರನ್ನ ಕೂರಿಸಿದ್ರು.